ನರ್ಸಮ್ಮನ ಹತ್ರ ಕೇಳಿ: ಸೂಜಿ, ಅಳು, ಗಿರಗಿಟ್ಲೆ

ಮಕ್ಕಳ ಇಂಜೆಕ್ಷನ್ ಬಗ್ಗೆ ಬರೆಯಿರಿ ಎಂದು ಕೇಳಿದ್ದಕ್ಕೆ ಈ ಸಲ ಪತ್ರಗಳು ರಾಶಿ ಬಂದಿವೆ. ಹಾಸನ ಜಿಲ್ಲೆಯ ಉಪಕೇಂದ್ರಗಳಲ್ಲಿ ಲಸಿಕೆ ಹಾಕುತ್ತಲೇ ತಲೆ ಬೆಳ್ಳಗಾದವಳು ನಾನು. ನನ್ನ ಕಂಡರೆ ಕಣಜದ ಹಿಂದೆ ಅಡಗುತ್ತಿದ್ದ ಹುಡುಗರು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು, “ನಂಗೆ ಸೂಜಿ ಹಾಕಿದ್ದು ಇವರೇ” ಅಂತ ತೋರಿಸುತ್ತಾರೆ. ಮಗು ನನ್ನನ್ನು ಕೆಕ್ಕರಿಸಿ ನೋಡುತ್ತದೆ. ಇರಲಿ, ಪತ್ರಗಳಿಗೆ ಬರೋಣ.

ಪ್ರಶ್ನೆ: ನನ್ನ ಮಗನಿಗೆ ಐದು ತುಂಬಿದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್ ಹಾಕಿಸಬೇಕು. ಹೋದ ವರ್ಷ ಜ್ವರ ಬಂದಾಗ ರಕ್ತ ತೆಗೆಯಲು ನಾಲ್ಕು ಜನ ಅವನನ್ನು ಅದುಮಿ ಹಿಡಿದರು. ಅಂದಿನಿಂದ ಆಸ್ಪತ್ರೆ ಗೇಟು ಕಂಡರೇ ನಡುಗುತ್ತಾನೆ. ನಮ್ಮ ಯಜಮಾನರು, “ಐಸ್‌ಕ್ರೀಮ್ ಕೊಡಿಸ್ತೀನಿ ಅಂತ ಹೇಳಿ ಕರ್ಕೊಂಡು ಹೋಗು” ಅನ್ನುತ್ತಾರೆ. ಹಾಗೆ ಮಾಡಬಹುದಾ ಸಿಸ್ಟರ್?
— ಒಬ್ಬ ತಾಯಿ, ತಿಪಟೂರು

ಬೇಡಮ್ಮ. ಹಾಗೆ ಮಾಡಿದರೆ ಈ ಸಲದ ಇಂಜೆಕ್ಷನ್ ಆಗಿಬಿಡುತ್ತದೆ, ನಿಜ. ಆಮೇಲೆ ನೀವು ನಿಜವಾಗಿಯೂ ಐಸ್‌ಕ್ರೀಮ್ ತಿನ್ನಲು ಹೊರಟಾಗಲೂ ಅವನು ಆಟೋ ಹತ್ತುವುದಿಲ್ಲ. ಮಗುವಿನ ಗಮನ ಬೇರೆ ಕಡೆ ತಿರುಗಿಸಿ ಅಂತ ನಾವು ಹೇಳುತ್ತೇವಲ್ಲ, ಅದು ಕಣ್ಣಿಗೆ ಮಣ್ಣೆರಚುವ ಕೆಲಸ ಅಲ್ಲ. ಸೂಜಿ ಇದೆ ಅಂತ ಅವನಿಗೆ ಗೊತ್ತಿರಬೇಕು. ಆ ಹೊತ್ತಿಗೆ ಅವನ ಕೈಗೆ, ಬಾಯಿಗೆ ಒಂದು ಕೆಲಸವೂ ಇರಬೇಕು.

ಐದು ವರ್ಷದವನಿಗೆ ವಾರ ಮೊದಲೇ ಹೇಳಬೇಡಿ. ಅಷ್ಟೂ ದಿನ ಅದೇ ಚಿಂತೆ ಮಾಡುತ್ತಾನೆ. ಅವತ್ತು ಬೆಳಿಗ್ಗೆ ತಿಂಡಿ ಆದ ಮೇಲೆ ಹೇಳಿ: “ಇವತ್ತು ತೋಳಿಗೆ ಒಂದು ಇಂಜೆಕ್ಷನ್ ಇದೆ. ಒಂದು ಸ್ವಲ್ಪ ಹೊತ್ತು ಚುರುಕ್ ಅನ್ನಬಹುದು. ನಾನು ಪಕ್ಕದಲ್ಲೇ ಇರ್ತೀನಿ. ಆಗ ನೀನು ಗಿರಗಿಟ್ಲೆ ಊದ್ತೀಯಾ, ಸೋಪಿನ ಗುಳ್ಳೆ ಬಿಡ್ತೀಯಾ?” ಹಾಕಿಸಿಕೊಳ್ಳುತ್ತೀಯೋ ಇಲ್ಲವೋ ಅಂತ ಮಾತ್ರ ಕೇಳಬೇಡಿ. ಅದರಲ್ಲಿ ಅವನಿಗೆ ಆಯ್ಕೆ ಇಲ್ಲ. ಇಲ್ಲದ ಆಯ್ಕೆ ಕೊಟ್ಟು ಆಮೇಲೆ ಕಿತ್ತುಕೊಂಡರೆ ರಂಪ ಜಾಸ್ತಿ. ಯಾವ ಆಟಿಕೆ, ಯಾವ ಕೈ, ಯಾರ ತೊಡೆ ಮೇಲೆ ಕೂರುವುದು, ಇಷ್ಟನ್ನು ಅವನೇ ಹೇಳಲಿ.

ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ 5 ಎಂಎಲ್ ಸಿರಿಂಜು ಒಂದು ತಂದು ಮನೆಯಲ್ಲಿ ಆಡಲು ಕೊಡಿ. ನೀರು ತುಂಬಲಿ, ಗೊಂಬೆಗೆ ಹಾಕಲಿ, ನಿಮಗೂ ಹಾಕಲಿ. ನೀವು ‘ಅಯ್ಯೋ’ ಅನ್ನಿ, ಉಫ್ ಅಂತ ಊದಿ, ನಕ್ಕುಬಿಡಿ. ನಮ್ಮ ಲಸಿಕೆಯ ಸಿರಿಂಜು ಕೇಳಬೇಡಿ. ಅದು ಒಂದು ಸಲ ಒತ್ತಿದರೆ ತಾನಾಗಿ ಲಾಕ್ ಆಗುತ್ತದೆ, ಮತ್ತೆ ಎಳೆಯಲು ಬರುವುದಿಲ್ಲ. ಯಾರೂ ಎರಡನೇ ಸಲ ಬಳಸಬಾರದು ಅಂತಲೇ ಹಾಗೆ ಮಾಡಿರುವುದು.

ಕೋಣೆಗೆ ಹೋದ ಮೇಲೆ ಮಲಗಿಸಬೇಡಿ. ಮಲಗಿಸಿ ನಾಲ್ಕು ಕಡೆ ಹಿಡಿದರೆ ದೊಡ್ಡವರಿಗೇ ಜೀವ ಹೋಗುತ್ತದೆ. ನಿಮ್ಮ ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಅವನ ಬೆನ್ನು ನಿಮ್ಮ ಎದೆಗೆ ತಾಗಲಿ, ಕಾಲುಗಳು ನಿಮ್ಮ ಮಂಡಿಗಳ ನಡುವೆ ಇರಲಿ. ಸೂಜಿ ಹಾಕುವ ತೋಳನ್ನು ನೀವೇ ಮೊಣಕೈ ಹತ್ತಿರ ಮೆತ್ತಗೆ, ಆದರೆ ಅಲುಗಾಡದ ಹಾಗೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಗಿರಗಿಟ್ಲೆ.

ಊದುವುದು ಯಾವಾಗ ಶುರುವಾಗಬೇಕು ಅನ್ನುವುದು ಮುಖ್ಯ. ಎಷ್ಟೋ ತಾಯಂದಿರು ಮಗು ಕಿರುಚಲು ಶುರು ಮಾಡಿದ ಮೇಲೆ ಬ್ಯಾಗಿನಲ್ಲಿ ಆಟಿಕೆ ಹುಡುಕುತ್ತಾರೆ. ಆಗ ಕೈಗೆ ಚಿನ್ನ ಕೊಟ್ಟರೂ ಬಿಸಾಡುತ್ತದೆ. ನಾನು ಹತ್ತಿ ಕೈಗೆ ತೆಗೆದುಕೊಳ್ಳುವ ಮೊದಲೇ ಗಿರಗಿಟ್ಲೆ ತಿರುಗುತ್ತಿರಬೇಕು. “ಇನ್ನೂ ಜೋರಾಗಿ, ಇನ್ನೂ ಉದ್ದ ಉಸಿರು, ನಿಲ್ಲಿಸಬೇಡ” ಅಂತ ನೀವು ಹುರಿದುಂಬಿಸುತ್ತಿರಬೇಕು. ಉದ್ದಕ್ಕೆ ಉಸಿರು ಬಿಡುವಾಗ ಭುಜ ಸಡಿಲವಾಗುತ್ತದೆ. ಬಿಗಿ ಹಿಡಿದ ತೋಳಿಗೆ ಸೂಜಿ ಹೋದರೆ ನೋವು ಜಾಸ್ತಿ. ಆಟಿಕೆ ಮರೆತು ಬಂದಿದ್ದರೆ ನಿಮ್ಮ ಅಂಗೈ ಮುಂದೆ ಹಿಡಿದು, “ಪಾಯಸ ತುಂಬಾ ಬಿಸಿ ಇದೆ, ಆರಿಸು” ಅನ್ನಿ. ಅದೂ ನಡೆಯುತ್ತದೆ.

ನಮ್ಮ ಕೇಂದ್ರಕ್ಕೆ ಬಂದ ಒಂದು ಹುಡುಗಿಯ ಕಥೆ ಹೇಳುತ್ತೇನೆ. ಅವಳು ಬಿಟ್ಟ ಗುಳ್ಳೆ ಒಂದು ತೇಲಿಕೊಂಡು ಬಂದು ಲಸಿಕೆ ಪೆಟ್ಟಿಗೆಯ ಐಸ್‌ಪ್ಯಾಕ್ ಮೇಲೆ ಕೂತಿತು, ಒಡೆಯಲೇ ಇಲ್ಲ. “ಸಿಸ್ಟರ್, ಮುಟ್ಟಬೇಡಿ, ಮುಟ್ಟಬೇಡಿ!” ಅಂತ ನನಗೇ ಆರ್ಡರ್. ಅವಳು ಅದನ್ನು ಕಾಯುತ್ತಿರುವಾಗಲೇ ಅರ್ಧ ಎಂಎಲ್ ಒಳಗೆ ಹೋಗಿ ಆಯಿತು. ಆಮೇಲೆ ತೋಳು ನೋಡಿಕೊಂಡು ಮುಖ ಸೊಟ್ಟ ಮಾಡಿದಳು. ಅಷ್ಟರಲ್ಲಿ ಗುಳ್ಳೆ ಒಡೆಯಿತು, ಅದಕ್ಕೆ ಅತ್ತಳು!

ಇನ್ನು ನಿಮ್ಮ ಮಾತು. “ಏನೂ ಆಗಲ್ಲ, ಏನೂ ಆಗಲ್ಲ” ಅಂತ ಹತ್ತು ಸಲ ಹೇಳಿದರೆ ಮಗುವಿಗೆ ಧೈರ್ಯ ಬರುವುದಿಲ್ಲ. ಅಮ್ಮ ಇಷ್ಟು ಸಲ ಹೇಳುತ್ತಿದ್ದಾಳೆ ಅಂದಮೇಲೆ ಏನೋ ಇದೆ ಅಂತ ಅದಕ್ಕೆ ಅರ್ಥವಾಗುತ್ತದೆ. ಈ ವಿಷಯದ ಮೇಲೆ ಸಂಶೋಧನೆ ಮಾಡಿದವರೂ ಇದನ್ನೇ ಕಂಡಿದ್ದಾರೆ. ಬರೀ ಸಮಾಧಾನದ ಮಾತು, ‘ಸಾರಿ ಕಂದಾ’ ಅನ್ನುವ ಮಾತು ಹೆಚ್ಚಾದಷ್ಟೂ ಮಗುವಿನ ಗಾಬರಿ ಹೆಚ್ಚು. ಬೇರೆ ವಿಷಯ ಮಾತಾಡಿಸಿದರೆ ಕಡಿಮೆ. ನಿಮ್ಮ ಮನೆ ನಾಯಿಯ ಸುದ್ದಿ ತೆಗೆಯಿರಿ, ಶಾಲೆಯ ಬಸ್ಸಿನಲ್ಲಿ ಯಾರು ಯಾರು ಎಲ್ಲಿ ಕೂರುತ್ತಾರೆ ಕೇಳಿ, ಒಗಟು ಹಾಕಿ. “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?” ಅಂತ ಕೇಳಿ ನೋಡಿ. ಮಲ್ಲಿಗೆ ಅನ್ನುವಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತದೆ.

ಇಷ್ಟೆಲ್ಲ ಮಾಡಿಯೂ ಅವನು ಅತ್ತರೆ ಅಳಲಿ. ಹೋದ ವರ್ಷದ ನೆನಪು ಒಂದೇ ದಿನಕ್ಕೆ ಅಳಿಸಿಹೋಗುವುದಿಲ್ಲ. ಮನೆಗೆ ಬರುವ ದಾರಿಯಲ್ಲಿ, “ಎಷ್ಟು ಅತ್ತೆಯಲ್ಲೋ” ಅನ್ನಬೇಡಿ. “ಎಷ್ಟು ಉದ್ದ ಊದಿದೆ, ಕೈ ಅಲುಗಾಡಿಸಲೇ ಇಲ್ಲ” ಅನ್ನಿ. ಮುಂದಿನ ಸಲಕ್ಕೆ ಅದೇ ನೆನಪು ಜೊತೆಗೆ ಬರುತ್ತದೆ. ಐಸ್‌ಕ್ರೀಮ್ ಆಮೇಲೆ ಧಾರಾಳವಾಗಿ ಕೊಡಿಸಿ, ನಿಮ್ಮ ಯಜಮಾನರೂ ತಿನ್ನಲಿ.

ಪ್ರಶ್ನೆ: ಮೊಬೈಲ್ ತೋರಿಸಿದರೆ ಸಾಲದೇ?
— ಓದುಗರು, ಮಂಡ್ಯ

ಆಗುತ್ತದೆ. ವರ್ಷಕ್ಕೊಮ್ಮೆ ಎರಡು ನಿಮಿಷ ನೋಡಿದರೆ ಕಣ್ಣು ಹಾಳಾಗುವುದಿಲ್ಲ. ಆದರೆ ಸುಮ್ನೆ ವಿಡಿಯೋ ಹಾಕಿ ಮುಖದ ಮುಂದೆ ಹಿಡಿಯುವುದಕ್ಕಿಂತ, “ಆ ಕೋತಿ ಈಗ ಏನು ಮಾಡುತ್ತೆ ಹೇಳು” ಅಂತ ಕೇಳುತ್ತಿರಿ. ಇಲ್ಲ, ಅವನೇ ಬೆರಳಾಡಿಸುವ ಆಟ ಕೊಡಿ. ಇನ್ನೊಂದು ಮಾತು: ವಿಡಿಯೋವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸೂಜಿ ಹತ್ತಿರ ಬರುವಾಗ ಪರದೆ ಮೇಲೆ ಚಕ್ರ ತಿರುಗುತ್ತಾ ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಪ್ರಶ್ನೆ: ನಾನು 74 ವರ್ಷದ ನಿವೃತ್ತ ಶಿಕ್ಷಕ. ನಮ್ಮ ಕಾಲದಾಗ ಈ ಗುಳ್ಳೆ, ಗಿರಗಿಟ್ಲೆ ಏನೂ ಇರಲಿಲ್ಲ ನೋಡ್ರಿ. ಹಿಡಿದು ಸೂಜಿ ಮಾಡಸ್ತಿದ್ರು, ಅತ್ತು ಸುಮ್ಮನಾಗ್ತಿದ್ವಿ. ಒಂದು ಕ್ಷಣದ ನೋವಿಗೆ ಇಷ್ಟು ಉಪಚಾರ ಮಾಡಿ ಮಕ್ಕಳನ್ನು ಮೆತ್ತಗೆ ಮಾಡುತ್ತಿದ್ದೀರಿ ಅನಿಸುತ್ತದೆ. ನೋವು ನಿಜಕ್ಕೂ ಕಡಿಮೆ ಆಗುತ್ತದೆಯೋ, ಅಳು ಮಾತ್ರ ನಿಲ್ಲುತ್ತದೆಯೋ?
— ಒಬ್ಬ ಮಾಸ್ತರರು, ಗದಗ

ಮೇಷ್ಟ್ರೇ, ಪ್ರಶ್ನೆ ಚೆನ್ನಾಗಿದೆ. ಆದರೆ ‘ಅತ್ತು ಸುಮ್ಮನಾಗ್ತಿದ್ವಿ’ ಅನ್ನುವುದನ್ನು ಪೂರ್ತಿ ಒಪ್ಪಲಾರೆ. ಸಿಡುಬಿನ ದಾಕು ಹಾಕುವವರು ಊರಿಗೆ ಬಂದರೆ ಅಟ್ಟ ಹತ್ತಿ ಕೂತವರ ಕಥೆಗಳನ್ನು ನಿಮ್ಮ ವಯಸ್ಸಿನವರ ಬಾಯಿಂದಲೇ ಕೇಳಿದ್ದೇನೆ. ಸೂಜಿಗೆ ಹೆದರಿ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯನ್ನೇ ಮುಂದೂಡುವ ದೊಡ್ಡವರು ಈಗಲೂ ಇದ್ದಾರೆ. ಕೇಳಿ ನೋಡಿ, ಆ ಹೆದರಿಕೆಯ ಬೇರು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಇರುತ್ತದೆ.

ನೋವಿನ ವಿಷಯಕ್ಕೆ ಬರುತ್ತೇನೆ. ಮಂಡಿಗೆ ಪೆಟ್ಟಾದರೆ ನಾವು ತಕ್ಷಣ ಉಜ್ಜಿಕೊಳ್ಳುತ್ತೇವೆ, ಅಲ್ವಾ? ಯಾರೂ ಹೇಳಿಕೊಟ್ಟಿದ್ದಲ್ಲ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಮೆದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಸವರಿದರೆ, ಉಜ್ಜಿದರೆ ಆ ಸ್ಪರ್ಶದ ಸುದ್ದಿ ಅದನ್ನು ಅರ್ಧ ಮುಚ್ಚುತ್ತದೆ. ಮೆದುಳು ಬೇರೆ ಕೆಲಸದಲ್ಲಿದ್ದರೆ, ಮೇಲಿನಿಂದ ಅದೂ ಮುಚ್ಚಬಲ್ಲದು. ವಿವರಗಳು ಆಮೇಲೆ ಸಾಕಷ್ಟು ತಿದ್ದುಪಡಿ ಆಗಿವೆ, ಮೂಲ ಮಾತು ನಿಂತಿದೆ. ಮಕ್ಕಳನ್ನೇ, ‘ಎಷ್ಟು ನೋವಾಯ್ತು’ ಅಂತ ನಗುಮುಖದಿಂದ ಅಳುಮುಖದವರೆಗಿನ ಚಿತ್ರ ತೋರಿಸಿ ಕೇಳಿದ ಪ್ರಯೋಗಗಳು ಬಹಳ ನಡೆದಿವೆ. ಗಮನ ಬೇರೆ ಕಡೆ ಇದ್ದ ಮಕ್ಕಳು ಕಡಿಮೆ ನೋವಿನ ಮುಖ ತೋರಿಸುತ್ತಾರೆ. ಅಂದರೆ ಬರೀ ಬಾಯಿ ಮುಚ್ಚಿಸುವ ಉಪಾಯ ಅಲ್ಲ ಇದು. ಹಾಗಂತ ನೋವು ಸೊನ್ನೆ ಆಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವಿನ ಬಗ್ಗೆಯೇ ಪ್ರತ್ಯೇಕವಾಗಿ ಸಲಹೆ ಕೊಟ್ಟಿತು. ತಾಯಿ ಜೊತೆಗಿರಲಿ, ಎತ್ತಿಕೊಂಡಿರಲಿ, ಚಿಕ್ಕ ಮಕ್ಕಳ ಗಮನ ಬೇರೆಡೆ ಸೆಳೆಯಿರಿ ಅಂತೆಲ್ಲ ಅದರಲ್ಲಿದೆ.

ನಿಮ್ಮ ಕಾಲದ್ದು ಒಂದು ಅಭ್ಯಾಸ ಮಾತ್ರ ಈಗಲೂ ಹಾಗೇ ಇದೆ. “ಊಟ ಮಾಡದಿದ್ರೆ ನರ್ಸಮ್ಮನ ಕರೀತೀನಿ, ಸೂಜಿ ಚುಚ್ಚಿಸ್ತೀನಿ.” ಹತ್ತಾರು ತುತ್ತು ಅನ್ನ ಹೋಗಬಹುದು ಇದರಿಂದ. ಆದರೆ ಶಿಕ್ಷೆಯಾಗಿ ಕೊಡುತ್ತೇನೆ ಅಂದದ್ದನ್ನೇ ನಾಳೆ ಒಳ್ಳೆಯದಕ್ಕೆ ಅಂತ ಕೊಟ್ಟರೆ ಮಗು ಯಾವುದನ್ನು ನಂಬಬೇಕು? ಮೊಮ್ಮಕ್ಕಳಿದ್ದರೆ ದಯವಿಟ್ಟು ನೀವಾದರೂ ಹಾಗೆ ಹೇಳಬೇಡಿ.

ಪ್ರಶ್ನೆ: ಒಂದೂವರೆ ತಿಂಗಳ ಮಗಳಿಗೆ ಮುಂದಿನ ಗುರುವಾರ ಲಸಿಕೆ. ಒಂದೇ ದಿನ ಮೂರು ಚುಚ್ಚುತ್ತಾರಂತೆ. ಇಷ್ಟು ಚಿಕ್ಕ ಮಗುವಿಗೆ ಆಟಿಕೆ ಏನು ತೋರಿಸಲಿ? ಹಾಲು ಕುಡಿಸುತ್ತಲೇ ಹಾಕಿಸಬಹುದು ಎಂದು ಯಾರೋ ಹೇಳಿದರು. ಅತ್ತೆ, “ಅಳುವಾಗ ಹಾಲು ನೆತ್ತಿಗೆ ಹತ್ತುತ್ತೆ, ಬೇಡ” ಅನ್ನುತ್ತಾರೆ. ನಾಲಿಗೆಗೆ ಜೇನು ಸವರಿದರೆ ಹೇಗೆ?
— ಬಾಣಂತಿ, ಚನ್ನರಾಯಪಟ್ಟಣ

ಜೇನು ಬೇಡವೇ ಬೇಡ. ವರ್ಷ ತುಂಬುವವರೆಗೆ ಒಂದು ತೊಟ್ಟೂ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ಕ್ರಿಮಿ ಕೂಸಿನ ನರಗಳಿಗೆ ಅಪಾಯ ತರಬಲ್ಲದು.

ಈ ವಯಸ್ಸಿನ ಮಗುವಿಗೆ ನೀವೇ ಆಟಿಕೆ. ಎದೆಹಾಲು ಕುಡಿಸುತ್ತಲೇ ಹಾಕಿಸಬಹುದು. ಎರಡು ಮೂರು ನಿಮಿಷ ಮೊದಲೇ ಕುಡಿಸಲು ಶುರು ಮಾಡಿ. ಮಗು ಚೆನ್ನಾಗಿ ಬಾಯಿ ಹಾಕಿ ಚೀಪುತ್ತಿರುವಾಗ ತೊಡೆ ಸಿಸ್ಟರ್ ಕಡೆ ಇರಲಿ. ಚುಚ್ಚಿದಾಗ ಮಗು ಮೊಲೆ ಬಿಟ್ಟು ಅತ್ತರೆ ಅಳಲಿ, ಮತ್ತೆ ಬಾಯಿಗೆ ಕೊಡಿ. ಅತ್ತೆಯವರ ಭಯ ಸಹಜವಾದದ್ದು. ಆದರೆ ಇದನ್ನು ಪರೀಕ್ಷಿಸಿ ನೋಡಿದ ಕಡೆಗಳಲ್ಲಿ ನೆತ್ತಿಗೆ ಹತ್ತಿ ತೊಂದರೆ ಆಗಿದ್ದು ಕಂಡಿಲ್ಲ. ಹಾಲು ಕುಡಿಯುವುದಕ್ಕೂ ನೋವಿಗೂ ಗಂಟುಹಾಕಿಕೊಂಡು ಮಗು ಹಾಲು ಬಿಡುತ್ತದೆ ಅನ್ನುವುದೂ ನಿಜವಾಗಿಲ್ಲ. ಅಷ್ಟು ಜನರ ಮುಂದೆ ಕುಡಿಸಲು ಸಂಕೋಚ ಅನಿಸಿದರೆ ಬರುವ ಮೊದಲು ಕುಡಿಸಿ, ಇಂಜೆಕ್ಷನ್ ಹೊತ್ತಿಗೆ ಎದೆಗೆ ಒತ್ತಿ ಹಿಡಿದುಕೊಳ್ಳಿ.

ಮೂರು ಚುಚ್ಚು ಅಂದರೆ: ಎಡ ತೊಡೆಗೆ ಐದು ಕಾಯಿಲೆಗೆ ಒಂದೇ ಆದ ಪೆಂಟಾವೇಲೆಂಟ್, ಬಲ ತೊಡೆಗೆ ನ್ಯುಮೋನಿಯಾದ ಪಿಸಿವಿ, ಬಲ ತೋಳಿನ ಚರ್ಮದೊಳಗೆ ಒಂದಿಷ್ಟೇ ಇಷ್ಟು ಪೋಲಿಯೋ. ಬಾಯಿಗೆ ಹಾಕುವ ರೋಟಾ (ಭೇದಿ ತಡೆಯುವುದು) ಮತ್ತು ಪೋಲಿಯೋ ಲಸಿಕೆ ಮೊದಲು ಕೊಡಿ ಅಂತ ಕೇಳಿಕೊಳ್ಳಿ. ಹನಿ ಆದ ಮೇಲೆ ಸೂಜಿ ಆದರೆ ಮಗುವಿಗೆ ಅಷ್ಟು ಸಲೀಸು. ಅಳುತ್ತಿರುವ ಮಗುವಿನ ಬಾಯಿಗೆ ಹನಿ ಹಾಕುವ ಕಷ್ಟವೂ ತಪ್ಪುತ್ತದೆ. ಜ್ವರದ ಔಷಧಿ ಮುಂಚಿತವಾಗಿ ಕೊಡಬೇಡಿ. ಆಮೇಲೆ ಜ್ವರ ಬಂದರೆ ಸಿಸ್ಟರ್ ಹೇಳಿದ ಅಳತೆಯಲ್ಲಿ ಕೊಡಿ. ತಾಯಿ ಕಾರ್ಡ್ ಮರೆಯಬೇಡಿ.

ಪ್ರಶ್ನೆ: ಚರ್ಮ ಮರಗಟ್ಟಿಸುವ ಮುಲಾಮು ಸಿಗುತ್ತದಂತೆ?
— ಓದುಗರು, ಬೆಂಗಳೂರು

ಸಿಗುತ್ತದೆ. ಲಿಡೋಕೇನ್ ಮತ್ತು ಪ್ರಿಲೋಕೇನ್ ಎಂಬ ಎರಡು ಮರಗಟ್ಟಿಸುವ ಔಷಧಿ ಬೆರೆಸಿದ್ದು. ಸುಮಾರು ಒಂದು ಗಂಟೆ ಮೊದಲು ಹಚ್ಚಿ ಮುಚ್ಚಿಡಬೇಕು. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟೇ. ಪದೇ ಪದೇ ರಕ್ತ ಕೊಡಬೇಕಾದ ಮಕ್ಕಳಿಗೆ ಒಳ್ಳೆಯದು. ಕೂಸುಗಳಿಗೆ ನೀವಾಗಿಯೇ ಹಚ್ಚಬೇಡಿ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಬೀದಿನಾಯಿ ಕಚ್ಚಿದೆ. ಮೊದಲ ಇಂಜೆಕ್ಷನ್ ಆಯಿತು. ಗಾಯದ ಸುತ್ತ ಚುಚ್ಚಿದಾಗ ತುಂಬಾ ಕಿರುಚಿದ. ಇನ್ನೂ ಮೂರು ಸಲ ಹೋಗಬೇಕು. ಅವನ ಅಜ್ಜಿ, “ಹೊಕ್ಕುಳ ಸುತ್ತ 14 ಹಾಕ್ತಾರೆ” ಎಂದು ಹೇಳಿದ್ದರಿಂದ ಊಟ ಬಿಟ್ಟು ಕೂತಿದ್ದಾನೆ.
— ಒಬ್ಬ ತಂದೆ, ಹಾವೇರಿ

ಮೊದಲು ಅಜ್ಜಿಯನ್ನು ಸಮಾಧಾನ ಮಾಡಿ. ಅವರು ಹೇಳಿದ್ದು ಸುಳ್ಳಲ್ಲ, ಹಳೆಯದು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು ಹೊಟ್ಟೆಗೆ ದಿನಾ ಚುಚ್ಚುತ್ತಿದ್ದರು. ನಮ್ಮ ದೇಶದಲ್ಲಿ ಅದನ್ನು 2004ರ ಕೊನೆಗೆ ನಿಲ್ಲಿಸಿದರು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ತೋಳಿಗೆ, ಚರ್ಮದೊಳಗೆ, 0.1 ಎಂಎಲ್‌ನಂತೆ ಹಾಕುತ್ತಾರೆ. ಮೊದಲ ದಿನ (ಅದನ್ನು ಸೊನ್ನೆ ಅಂತ ಎಣಿಸಬೇಕು), ಆಮೇಲೆ 3, 7 ಮತ್ತು 28ನೇ ದಿನ. ಹೊಕ್ಕುಳಿನ ತಂಟೆಗೆ ಯಾರೂ ಹೋಗುವುದಿಲ್ಲ.

ಮಗನಿಗೆ ಸತ್ಯ ಹೇಳಿ. ಗಾಯದ ಸುತ್ತ ಹಾಕಿದ್ದು ಬೇರೆ ಔಷಧಿ, ಅದೇ ಜಾಸ್ತಿ ನೋವಿನದ್ದು, ಅದು ಮುಗಿದುಹೋಯಿತು, ಇನ್ನು ಬರುವುದಿಲ್ಲ. ಈ ಒಂದು ಮಾತಿಗೇ ಅವನು ಊಟಕ್ಕೆ ಏಳಬಹುದು. ಕ್ಯಾಲೆಂಡರ್ ಮೇಲೆ ಉಳಿದ ಮೂರು ದಿನಗಳಿಗೆ ಅವನ ಕೈಯಲ್ಲೇ ಗುರುತು ಹಾಕಿಸಿ. ಎಂಟು ವರ್ಷದವನಿಗೆ ಗುಳ್ಳೆ ಬಿಡುವುದು ಅವಮಾನ. ಲೆಕ್ಕ ಕೊಡಿ: ನೂರರಿಂದ ಏಳೇಳು ಕಳೆಯುತ್ತಾ ಬಾ. ಕ್ರಿಕೆಟ್ ಹುಚ್ಚಿದ್ದರೆ ಹನ್ನೊಂದು ಜನರ ತಂಡ ಆರಿಸಲು ಹೇಳಿ, ನೀವು ಬೇಕಂತಲೇ ತಪ್ಪು ಹೆಸರು ಸೂಚಿಸಿ. ಜಗಳ ಮಾಡುತ್ತಾ ಮಾಡುತ್ತಾ ಎರಡೂ ತೋಳು ಮುಗಿದಿರುತ್ತದೆ. ಒಂದು ದಿನವನ್ನೂ ತಪ್ಪಿಸಬೇಡಿ. ಉಳಿದವರಿಗೆ: ನಾಯಿ ಕಚ್ಚಿದರೆ ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ.

ಪ್ರಶ್ನೆ: ನನಗೆ 16. ಶಾಲೆಯಲ್ಲಿ ಟಿಡಿ (ಧನುರ್ವಾಯು, ಗಂಟಲುಮಾರಿಯ) ಇಂಜೆಕ್ಷನ್ ಹಾಕುವಾಗ ಎಲ್ಲರ ಮುಂದೆ ತಲೆ ಸುತ್ತಿ ಬಿದ್ದೆ. ನನಗೆ ಅಷ್ಟೇನೂ ಭಯ ಇರಲಿಲ್ಲ. ಈಗ ಎಲ್ಲರೂ ಆಡಿಕೊಳ್ಳುತ್ತಾರೆ.
— ಹೆಸರು ಬೇಡ, ಸಾಗರ

ಆಡಿಕೊಳ್ಳುವವರಿಗೆ ಹೇಳಮ್ಮ: ಪೊಲೀಸರು, ಕುಸ್ತಿ ಆಡುವವರು ಕೂಡ ಹೀಗೆ ಬೀಳುತ್ತಾರೆ. ಸೂಜಿ, ರಕ್ತ ಕಂಡಾಗ ಕೆಲವರಿಗೆ ಎದೆಬಡಿತ ನಿಧಾನವಾಗಿ ಬಿಪಿ ದಿಢೀರ್ ಇಳಿಯುತ್ತದೆ. ದೇಹದ ಗುಣ ಅದು. ನಿನ್ನಂಥವರಿಗೆ ‘ಉಸಿರು ಬಿಡು, ಸಡಿಲ ಬಿಡು’ ಅನ್ನುವ ಸಲಹೆ ಸಾಲದು. ಉಲ್ಟಾ ಮಾಡಬೇಕು. ಕಾಲು, ಹೊಟ್ಟೆ, ಇನ್ನೊಂದು ಕೈ, ಮೂರನ್ನೂ ಹತ್ತು ಹದಿನೈದು ಸೆಕೆಂಡ್ ಬಿಗಿ ಹಿಡಿದು ಬಿಡು. ಸ್ವಲ್ಪ ಬಿಟ್ಟು ಮತ್ತೆ ಬಿಗಿ ಹಿಡಿ. ಇಂಜೆಕ್ಷನ್ ಹಾಕುವ ತೋಳು ಮಾತ್ರ ಸಡಿಲ ಇರಲಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡ. “ನಂಗೆ ತಲೆ ಸುತ್ತುತ್ತೆ, ಮಲಗಿಸಿ ಹಾಕಿ” ಅಂತ ಮೊದಲೇ ಹೇಳು. ನೋಡಬೇಕೋ, ಮುಖ ತಿರುಗಿಸಬೇಕೋ ಅದು ನಿನ್ನ ಇಷ್ಟ. ನೋಡಿದರೇ ವಾಸಿ ಅನ್ನುವವರೂ ಇದ್ದಾರೆ. ಆಮೇಲೆ ಕಾಲು ಗಂಟೆಯಾದರೂ ಎದ್ದು ಓಡಾಡಬೇಡ.

ಪ್ರಶ್ನೆ: ನಾನೂ ನಿಮ್ಮ ಹಾಗೆಯೇ ಫೀಲ್ಡಿನಲ್ಲಿರುವವಳು. ಗುರುವಾರ ಅಂಗನವಾಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಮಗು ಅತ್ತರೆ ಎಲ್ಲವೂ ಅಳುತ್ತವೆ. ದಡಾರ-ರುಬೆಲ್ಲಾದ ಎಂಆರ್ ಲಸಿಕೆಯ ಶೀಶೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ರಿಜಿಸ್ಟರ್ ಬರೆಯಬೇಕು, ಆನ್‌ಲೈನ್ ಎಂಟ್ರಿ ಮಾಡಬೇಕು. ಗಿರಗಿಟ್ಲೆಗೆ ಎಲ್ಲಿದೆ ಅಕ್ಕಾ ಟೈಮು?
— ಕಿರಿಯ ಸಹೋದ್ಯೋಗಿ, ಚಿತ್ರದುರ್ಗ ಜಿಲ್ಲೆ

ನಿನ್ನ ಕಷ್ಟ ನನಗೆ ಗೊತ್ತಿಲ್ಲವೇನೇ! ನಾಲ್ಕು ಜನ ಹಿಡಿದು ಹಾಕುವುದಕ್ಕೆ ಎಷ್ಟು ಹೊತ್ತು ಬೇಕು ಅದನ್ನೂ ಲೆಕ್ಕ ಹಾಕು. ಕೆಲಸವನ್ನು ನೀನೇ ಮಾಡಬೇಕಾಗಿಲ್ಲ, ಹಂಚು. ಬಾಗಿಲಲ್ಲಿ ಆಶಾ ಕಾರ್ಯಕರ್ತೆ ಕಾರ್ಡ್ ನೋಡುವಾಗಲೇ ತಾಯಿಗೆ ಹೇಗೆ ಎತ್ತಿಕೊಳ್ಳಬೇಕು ಅಂತ ತೋರಿಸಲಿ. ಗಿರಗಿಟ್ಲೆಯನ್ನು ಅಲ್ಲೇ ಕೈಗೆ ಕೊಟ್ಟುಬಿಡಲಿ. ಅಂಗನವಾಡಿಯಲ್ಲಿ ಆಟದ ಸಾಮಾನಿಗೆ ಬರವೇ? ಕಿಟಕಿಯಿಂದ ಆಚೆ ಕಾಣುವ ಹಾಗೆ ಕುರ್ಚಿ ತಿರುಗಿಸು. ಹೊರಗೆ ಒಂದು ಆಡೋ, ಟ್ರ್ಯಾಕ್ಟರೋ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಸಿರಿಂಜು ತುಂಬುವುದು ಮಗುವಿನ ಬೆನ್ನ ಹಿಂದೆ ಆಗಲಿ. ಹಬ್ ಕಟ್ಟರನ್ನೂ ದೂರ ಇಡು. ಸೂಜಿ ಕತ್ತರಿಸುವ ಆ ‘ಕಟಕ್’ ಸದ್ದಿಗೆ ಸಾಲಿನಲ್ಲಿರುವ ಮಗು ಬೆಚ್ಚುತ್ತದೆ. ಚುಚ್ಚಿದ ಮೇಲೆ ರಕ್ತ ಬರುತ್ತದಾ ಅಂತ ಹಿಂದಕ್ಕೆ ಎಳೆದು ನೋಡುವ ಹಳೇ ಅಭ್ಯಾಸ ಇದ್ದರೆ ಬಿಡು. ಲಸಿಕೆಗೆ ಅದು ಬೇಕಿಲ್ಲ, ಸೂಜಿ ಒಳಗಿರುವ ಹೊತ್ತೂ ನೋವೂ ಜಾಸ್ತಿ ಆಗುತ್ತದೆ. ಒಂದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಉರಿಯುವುದನ್ನು ಕೊನೆಗೆ ಇಟ್ಟುಕೋ. ‘ಒಂದು, ಎರಡು, ಮೂರು’ ಅಂತ ಹೇಳಿ ಎರಡಕ್ಕೇ ಚುಚ್ಚಬೇಡ. ಮುಂದಿನ ಸಲ ಆ ಮಗು ‘ಒಂದು’ ಅಂದಾಗಲೇ ಕೈ ಎಳೆದುಕೊಳ್ಳುತ್ತದೆ. ಅತ್ತೇ ಅಳುವ ಮಗು ಅಂತ ಗೊತ್ತಿದ್ದರೆ ಅದನ್ನು ಕೊನೆಗೆ ಕರೆ, ಇಲ್ಲವೇ ಮೊಟ್ಟಮೊದಲು. ನಡುವೆ ಬೇಡ. ಲಸಿಕೆ ಆದ ಮೇಲೆ ಅರ್ಧ ಗಂಟೆ ಕೂರಿಸುವ ಜಾಗ ಇನ್ನೊಂದು ಕೋಣೆಯಲ್ಲಿದ್ದರೆ ವಾಸಿ.

ಸೋಪಿನ ಗುಳ್ಳೆಯ ಡಬ್ಬಿ ಜಾತ್ರೆಯಲ್ಲಿ ಸಿಗುತ್ತದೆ. ಖಾಲಿಯಾದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ನೀರು ಬೆರೆಸಿ ತುಂಬಿಕೋ. ನೆಲ ಜಾರುತ್ತದೆ, ಕೆಳಗೆ ಒಂದು ಗೋಣಿಚೀಲ ಹಾಕು.

ಮುಂದಿನ ಸಂಚಿಕೆಗೆ ಹೊಟ್ಟೆಹುಳುವಿನ ಪ್ರಶ್ನೆಗಳನ್ನು ಕಳಿಸಿ. ಮಗುವಿನ ವಯಸ್ಸು ಬರೆಯುವುದು ಮರೆಯಬೇಡಿ.